ಹೊರಗೆ ಮೇಯುವ ನಾಟಿ ಹಂದಿಗೂ ಮೂಳೆ ಸವೆಯುತ್ತದೆಯೇ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಕೆಲವು ಕರಿ ನಾಟಿ ಹಂದಿಗಳಿವೆ, ಹಗಲೆಲ್ಲ ಹೊರಗೇ ಇರುತ್ತವೆ. ಸಂಜೆ ಅಕ್ಕಿ ತೌಡು, ಹೋಟೆಲ್ ಮುಸುರೆ, ಕೆಸ ಹಾಕುತ್ತೇವೆ. ಮಳೆಗಾಲ ಮುಗಿಯುತ್ತಲೇ, ಎಂಟು ಮರಿಗೆ ಹಾಲು ಕೊಟ್ಟ ತಾಯಿ ಹಂದಿ ಹಿಂಗಾಲು ಊರಲಾರದೆ ಮಲಗಿಬಿಟ್ಟಿದೆ. ಎರಡು ಮರಿಗಳ ಮುಂಗಾಲು ಬಿಲ್ಲಿನಂತೆ ಬಾಗಿವೆ. ತೋಟಕ್ಕೆ ತಂದಿಟ್ಟ ಸುಣ್ಣವನ್ನೇ ಕೊಡಬಹುದೇ ಸರ್?

ಉತ್ತರ: ಮೊದಲು ಜ್ವರ ನೋಡಿ. ಹಂದಿಯ ಮೈಬಿಸಿ ಸಾಮಾನ್ಯವಾಗಿ 102.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. 105 ದಾಟಿದ್ದರೆ, ಚರ್ಮದ ಮೇಲೆ ಚೌಕಾಕಾರದ ದದ್ದು ಕೈಗೆ ಸಿಕ್ಕರೆ (ಕರಿ ಹಂದಿಯಲ್ಲಿ ಕಣ್ಣಿಗೆ ಕಾಣುವುದು ಕಷ್ಟ), ಗೊರಸಿನ ಸಂದಿಯಲ್ಲಿ ಗುಳ್ಳೆಯಿದ್ದರೆ ಇದು ಮೂಳೆಯ ಸಮಸ್ಯೆಯಲ್ಲ, ಸೋಂಕು. ತಕ್ಷಣ ಪಶುವೈದ್ಯರನ್ನು ಕರೆಸಿ.

ಜ್ವರವಿಲ್ಲದಿದ್ದರೆ ತೌಡಿನ ಮೇಲೆಯೇ ನನ್ನ ಅನುಮಾನ. ಒಂದು ಕೆಜಿ ಹಂದಿ ಹಾಲಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮೂರು ಕೆಜಿ ಅಕ್ಕಿ ತೌಡು ತಿಂದರೂ ಸಿಗುವುದು ಹೆಚ್ಚುಕಡಿಮೆ ಅಷ್ಟೇ. ದಿನಕ್ಕೆ ಮೂರ್ನಾಲ್ಕು ಕೆಜಿ ಹಾಲು ಇಳಿಸುವ ತಾಯಿ ಉಳಿದದ್ದನ್ನು ತನ್ನ ಬೆನ್ನು, ತೊಡೆಯ ಮೂಳೆಯಿಂದಲೇ ತೆಗೆಯುತ್ತದೆ. ತೌಡಿನಲ್ಲಿ ರಂಜಕ ಧಾರಾಳವಾಗಿದೆ, ಆದರೆ ಬಹುಪಾಲು ಫೈಟೇಟ್ (ರಂಜಕವನ್ನು ಬಿಗಿಯಾಗಿ ಕಟ್ಟಿಟ್ಟ ಸಂಯುಕ್ತ) ರೂಪದಲ್ಲಿದೆ. ಹಂದಿಯ ಕರುಳು ಅದನ್ನು ಬಿಡಿಸಿಕೊಳ್ಳಲಾರದು. ಮೇಲಾಗಿ ಆ ಫೈಟೇಟ್ ಇದ್ದಬದ್ದ ಕ್ಯಾಲ್ಸಿಯಂ, ಸತುವನ್ನೂ ಹಿಡಿದಿಡುತ್ತದೆ. ಕೆಸದ ಆಕ್ಸಲೇಟ್ ಕೆಲಸವೂ ಅದೇ. ಬೇಯಿಸಿದ ನೀರು ಬಸಿದು ಚೆಲ್ಲಿಯೇ ಹಾಕಬೇಕು.

ಹೊರಗಿದ್ದರೆ ಬಿಸಿಲು ಸಿಕ್ಕಿತೆಂದು ಲೆಕ್ಕವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಲ್ಲಿ ಮೋಡ. ಮೋಡ ಬಿಟ್ಟರೆ ಸಿಲ್ವರ್ ಓಕ್ ನೆರಳು, ಮೈತುಂಬ ಕೆಸರು, ಅದರಡಿ ಕರಿ ಚರ್ಮ. ಕ್ಯಾಲ್ಸಿಯಂ ಮೈಗೆ ಹತ್ತಲು ಬೇಕಾದ ಡಿ ಜೀವಸತ್ವ ತಯಾರಾಗುವುದು ತೀರ ಕಡಿಮೆ.

ಗೋದಾಮಿನ ಸುಣ್ಣ ಮುಟ್ಟಬೇಡಿ. ತೋಟಕ್ಕೆ ಹಾಕುವ ಡೊಲೊಮೈಟ್ ಸುಣ್ಣದಲ್ಲಿ ಮೆಗ್ನೀಸಿಯಂ ಹೆಚ್ಚು, ಭೇದಿಯಾಗುತ್ತದೆ. ಅರಳಿಸಿದ ಸುಣ್ಣ ಬಾಯಿ ಸುಡುತ್ತದೆ. ಗೊಬ್ಬರದ ರಾಕ್ ಫಾಸ್ಫೇಟ್ ಇವೆಲ್ಲಕ್ಕಿಂತ ಕೆಟ್ಟದ್ದು, ಅದರ ಫ್ಲೋರಿನ್ ಹಲ್ಲನ್ನೂ ಮೂಳೆಯನ್ನೂ ಹಾಳುಮಾಡುತ್ತದೆ. ಕೋಳಿ ಆಹಾರದ ಅಂಗಡಿಯಲ್ಲಿ ಸುಣ್ಣದಕಲ್ಲಿನ ಪುಡಿ, ಪಶು ಆಹಾರ ದರ್ಜೆಯ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಎಂದೇ ಕೇಳಿ ತನ್ನಿ.

ನೂರು ಕೆಜಿ ಮಿಶ್ರಣಕ್ಕೆ ಮುಸುಕಿನ ಜೋಳದ ನುಚ್ಚು 25, ರಾಗಿ ಹಿಟ್ಟು 25, ಅಕ್ಕಿ ತೌಡು 28, ಕಡಲೆಕಾಯಿ ಹಿಂಡಿ 19.5, ಸುಣ್ಣದಕಲ್ಲಿನ ಪುಡಿ 1, ಡಿಸಿಪಿ 1 ಕೆಜಿ. ಉಳಿದ ಅರ್ಧ ಕೆಜಿ ಉಪ್ಪು ಮತ್ತು ಡಿ3 ಇರುವ ಜೀವಸತ್ವ ಪುಡಿ; ಪುಡಿಯ ಅಳತೆ ಪೊಟ್ಟಣದ ಮೇಲಿರುತ್ತದೆ. ಮುಸುರೆ ಹಾಕುವವರು ಉಪ್ಪು ಬಿಡಬಹುದು. ರಾಗಿ ಸೇರಿಸಿದ್ದು ಸುಮ್ಮನಲ್ಲ: ಮುಸುಕಿನ ಜೋಳದಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ, ರಾಗಿಯ ನೂರು ಗ್ರಾಂನಲ್ಲಿ 340 ಮಿಲಿಗ್ರಾಂ ಆಸುಪಾಸು. ಹಾಲೂಡಿಸುವ ನಾಟಿ ತಾಯಿಗೆ ದಿನಕ್ಕೆ ಒಂದೂವರೆ ಕೆಜಿ, ಜೊತೆಗೆ ಮರಿಗೊಂದಕ್ಕೆ 200 ಗ್ರಾಂ. ಬೂಷ್ಟು ಹಿಡಿದ ಹಿಂಡಿ ಬೇಡ. ಬೇಗ ಗುಣವಾಗಲಿ ಎಂದು ಸುಣ್ಣದಕಲ್ಲು ಎರಡರಷ್ಟು ಹಾಕಿದರೆ ಸತು ಸಿಗದೆ ಚರ್ಮ ಹೆಕ್ಕಳಗಟ್ಟುತ್ತದೆ.

ಮುಸುರೆ ಅರ್ಧ ಗಂಟೆ ಕೊತಕೊತ ಕುದಿಯಲೇಬೇಕು. ಆಫ್ರಿಕನ್ ಹಂದಿಜ್ವರ ಹಸಿ ಹಂದಿಮಾಂಸದ ಚೂರಿನಿಂದಲೂ ಬರುತ್ತದೆ.

ಮಲಗಿರುವ ತಾಯಿಯನ್ನು ಬಾಲ, ಹಿಂಗಾಲು ಹಿಡಿದು ಎಳೆಯಬೇಡಿ, ಸವೆದ ಮೂಳೆ ಮುರಿಯುತ್ತದೆ. ದಪ್ಪಗೆ ಒಣಹುಲ್ಲು ಹಾಸಿ, ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಮರಿಗಳನ್ನು ಹಾಲು ಬಿಡಿಸಿ. ಹಿಂಗಾಲು ಚಿವುಟಿದರೂ ಅರಿವಿಲ್ಲದಿದ್ದರೆ ಬೆನ್ನುಮೂಳೆ ಮುರಿದಿರಬಹುದು. ಆಗ ನರಳಿಸದೆ ವೈದ್ಯರ ತೀರ್ಮಾನಕ್ಕೆ ಬಿಡುವುದೇ ಸರಿ. ಮರಿಗಳ ಸಣ್ಣ ಬಾಗು ಆಹಾರ ಬದಲಿಸಿದರೆ ಸರಿಹೋಗುವುದುಂಟು, ಗಂಟುಗಟ್ಟಿದ ಕೀಲು ಹಾಗೇ ಉಳಿಯುತ್ತದೆ. ಡಿ ಇಂಜೆಕ್ಷನ್ ವೈದ್ಯರು ಹೇಳಿದಷ್ಟೇ. ಮತ್ತೆ ಮತ್ತೆ ಹಾಕಿಸಿದರೆ ಅದೇ ವಿಷ.

ಪ್ರಶ್ನೆ: ನಮ್ಮದು ಅರಸೀಕೆರೆ ಕಡೆ. ನಾಟಿ ಹಂದಿಯ ಹೆಣ್ಣುಮರಿ ಐದು ತಿಂಗಳಿಗೇ ಬೆದೆಗೆ ಬಂದಿದೆ. ಗಂಡಿಗೆ ಬಿಡಬಹುದೇ?

ಉತ್ತರ: ಈಗ ಬೇಡ. ಮೂಳೆ ಇನ್ನೂ ಬೆಳೆಯುತ್ತಿದೆ. 114 ದಿನದ ಗರ್ಭ, ಆಮೇಲೆ ಹಾಲು, ಎರಡೂ ಅದರಿಂದಲೇ ಕಿತ್ತುಕೊಳ್ಳುತ್ತವೆ. ಎಂಟೊಂಬತ್ತು ತಿಂಗಳಾಗಲಿ. ಬೆದೆ ಮೂರು ವಾರಕ್ಕೊಮ್ಮೆ ಮರಳುತ್ತದೆ, ಅಲ್ಲಿಯವರೆಗೆ ಗಂಡುಗಳಿಂದ ಬೇರೆ ಕಟ್ಟಿ.