ಮೂರು ವರ್ಷದ ಚೇಣಿ, ಒಂದು ಸೀಟು

ಗುರುತು ಸಿಗಬಾರದೆಂದು ಊರು, ವಿವರ ಕೊಂಚ ಬದಲಿಸಿದ್ದೇನೆ. ಬಂದವರು ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು, ಜೊತೆಗೆ ಮಗಳು. ಆ ಮನೆಯಲ್ಲಿ ಪಿಯುಸಿ ದಾಟಿದವಳು ಇವಳೇ ಮೊದಲು. ಕಾಲೇಜು ಸೇರುವ ಮಕ್ಕಳಿಗೆ ನಾನು ಸಲಹೆ ಕೊಡುವ ದಾವಣಗೆರೆಯ ಕೋಣೆಯಲ್ಲಿ ಅರ್ಧ ಗಂಟೆ ಅವಳು ತುಟಿ ಬಿಚ್ಚಲಿಲ್ಲ. ಸಿಇಟಿ ರ‍್ಯಾಂಕಿನ ಪ್ರಿಂಟನ್ನು ಮಡಚಿ ಮಡಚಿ ಬೆಂಕಿಪೊಟ್ಟಣದಷ್ಟು ಮಾಡಿಕೊಂಡಿದ್ದಳು.

"ಮೂರು ವರ್ಷದ ಫಸಲು ಚೇಣಿಗೆ ಕೊಟ್ಟು ಅಡ್ವಾನ್ಸ್ ಇಸ್ಕೊಂತೀನಿ ಮೇಡಂ. ಬೆಂಗ್ಳೂರಾಗೆ ದೊಡ್ಡ ಕಾಲೇಜು, ಮ್ಯಾನೇಜ್‌ಮೆಂಟ್ ಸೀಟು, ಕಂಪ್ಯೂಟರ್ ಸೈನ್ಸು. ಅಲ್ಲಿ ಓದಿದ್ರೆ ಸಂಬಳ ತಾನಾಗೇ ಬರ್ತೈತಂತೆ," ಅಂದರು ಅಪ್ಪ. ಚೇಣಿ ಅಂದರೆ ಮುಂದಿನ ಫಸಲನ್ನು ಮೊದಲೇ ಗುತ್ತಿಗೆಗೆ ಕೊಡುವುದು.

ನಿಜವಾದ ಸೀಟು ಹಂಚಿಕೆಗೆ ಮುಂಚೆ ಮಾದರಿಗೆಂದು ನಡೆಸುವ ಅಣಕು ಹಂಚಿಕೆಯಲ್ಲಿ ಅವಳಿಗೆ ಇದೇ ಬ್ರಾಂಚು ಇಲ್ಲಿನ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನಲ್ಲೇ ಬಂದಿತ್ತು. 1951ರ ಕಾಲೇಜು, ಊರಲ್ಲಿದೆ ಅನ್ನುವುದೇ ಅದಕ್ಕೆ ಮೈನಸ್ ಆಗಿತ್ತು.

ನಾನು ಅವರಿಗೆ ಅಮೆರಿಕದ ಒಂದು ಲೆಕ್ಕ ಹೇಳಿದೆ. 1976ರಲ್ಲಿ ಕಾಲೇಜು ಸೇರಿದವರ ಗಳಿಕೆಯನ್ನು ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬಿಬ್ಬರು ಅಭ್ಯಾಸ ಮಾಡಿ 2002ರಲ್ಲಿ ಪ್ರಕಟಿಸಿದರು. ಒಂದೇ ಮಟ್ಟದ ಕಾಲೇಜುಗಳಿಗೆ ಅರ್ಜಿ ಹಾಕಿ ಸೀಟು ಗಿಟ್ಟಿಸಿದವರಲ್ಲಿ ಕೆಲವರು ಹೆಸರಾಂತ ಕಾಲೇಜಿಗೆ ಹೋದರು, ಕೆಲವರು ಸಾಧಾರಣ ಕಾಲೇಜಿಗೆ. ಮುಂದೆ ಸಂಬಳ ನೋಡಿದರೆ ಹೆಚ್ಚುಕಡಿಮೆ ಒಂದೇ. ಆ ಸೀಟಿಗೆ ತಕ್ಕವರಾಗಿದ್ದುದೇ ಕೆಲಸ ಮಾಡಿತ್ತು, ಗೇಟಿನ ಮೇಲಿನ ಬೋರ್ಡಲ್ಲ. ದುಡ್ಡು ಕೊಟ್ಟು ಕೊಳ್ಳುವ ಸೀಟಿನಲ್ಲಿ ಸಿಗುವುದು ಮಾತ್ರ ಬೋರ್ಡೇ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತಿತ್ತು. ಅದೇ ಅಭ್ಯಾಸದಲ್ಲಿ ಬಡ ಮನೆಯ ಮಕ್ಕಳಿಗೆ ಮಾತ್ರ ಒಳ್ಳೆಯ ಕಾಲೇಜಿನಿಂದ ಗಳಿಕೆ ನಿಜಕ್ಕೂ ಏರಿತ್ತು. ಕೆಲಸ ಕೊಡಿಸುವ ಮಾವ, ಚಿಕ್ಕಪ್ಪ ಇಲ್ಲದವರಿಗೆ ಕಾಲೇಜೇ ಬಳಗ ಆಗಿರಬೇಕು ಅಂತ ನನ್ನ ಊಹೆ. ನಮ್ಮಲ್ಲೂ ದೊಡ್ಡ ಕಂಪನಿಗಳು ಕ್ಯಾಂಪಸ್‌ಗೆ ಬರುವುದು ಬೆಂಗಳೂರಿನ ಕಾಲೇಜಿಗೇ ಮೊದಲು. ಹಾಗಾಗಿ ಈ ಅಪ್ಪ ಹೇಳಿದ್ದು ಪೂರ್ತಿ ತಪ್ಪಲ್ಲ. ಹಿಡಿದ ದಾರಿ ತಪ್ಪಾಗಿತ್ತು, ಅಷ್ಟೆ.

"ನಿನಗೇನು ಬೇಕಮ್ಮ?" ಅಂದೆ.

"ಕೋಡಿಂಗ್ ಇಷ್ಟ. ಆದ್ರೆ ಅಪ್ಪಾಜಿ ತೋಟ..." ಅಂದವಳೇ ಮತ್ತೆ ಕಾಗದ ಮಡಚತೊಡಗಿದಳು.

ನಾನು ಕೊಟ್ಟ ಸಲಹೆ ಇದು. ಬೇಕಾದ ಸೀಟುಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡುವ ಆಪ್ಷನ್ ಎಂಟ್ರಿಯಲ್ಲಿ ಬೆಂಗಳೂರಿನ ಒಳ್ಳೆ ಕಾಲೇಜುಗಳ ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್ ಸೀಟುಗಳನ್ನು ಮೇಲೆ ಹಾಕಿ. ರ‍್ಯಾಂಕಿಗೆ ಸಿಗದು ಅನ್ನಿಸಿದರೂ ಹಾಕಿ, ಕಳೆದುಕೊಳ್ಳುವುದು ಏನೂ ಇಲ್ಲ. ಕೆಳಗೆ ದಾವಣಗೆರೆ. ಬೋರ್ಡಿನಾಸೆಗೆ ಬೇಡದ ಬ್ರಾಂಚು ಎಲ್ಲೂ ಬೇಡ. ಎಂಜಿನಿಯರಿಂಗಲ್ಲಿ ಓದಿದ ವಿಷಯಕ್ಕೂ ಸಂಬಳಕ್ಕೂ ನಂಟಿದೆ. ಮೊದಲ ಸುತ್ತಿನಲ್ಲಿ ಇಲ್ಲಿಯೇ ಬಂದರೆ ಚಾಯ್ಸ್ 2 ಒತ್ತಿ: ಇದು ಕೈಯಲ್ಲಿರುತ್ತದೆ, ಮೇಲಿನದಕ್ಕೂ ಬಾಗಿಲು ತೆರೆದಿರುತ್ತದೆ. ಮೇಲಿನದು ಸಿಕ್ಕರೆ ಮಾತ್ರ ಇದು ತಾನಾಗಿ ಹೋಗುತ್ತದೆ, ನೆನಪಿರಲಿ. ಹೋರ್ಡಿಂಗಿನ 'ಅತ್ಯಧಿಕ ಪ್ಯಾಕೇಜ್' ಒಬ್ಬ ಹುಡುಗನದು. ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್‌ಗೆ ಕಾಲೇಜು ಕೊಟ್ಟ ಮಾಹಿತಿಯಲ್ಲಿ ಮಧ್ಯಮ ಸಂಬಳ, ಅಂದರೆ ಅರ್ಧ ಮಂದಿಗೆ ಅದಕ್ಕಿಂತ ಹೆಚ್ಚು, ಅರ್ಧ ಮಂದಿಗೆ ಕಡಿಮೆ ಸಿಕ್ಕ ನಡುವಿನ ಸಂಬಳ ಇರುತ್ತದೆ, ಅದನ್ನು ಓದಿ.

"ಚೇಣಿ?" ಅಂದರು ಅಪ್ಪ.

"ಹಾಸ್ಟೆಲ್ಲಿಗೆ, ಲ್ಯಾಪ್‌ಟಾಪಿಗೆ ಒಂದು ವರ್ಷದ್ದು ಸಾಕು ಯಜಮಾನ್ರೇ. ಉಳಿದೆರಡು ವರ್ಷದ್ದು ಮರದಲ್ಲೇ ಇರಲಿ."

ಎರಡನೇ ಸುತ್ತಲ್ಲೂ ಬೆಂಗಳೂರು ಬರಲಿಲ್ಲ. ಈಗ ಅವಳು ಇಲ್ಲೇ ಓದುತ್ತಿದ್ದಾಳೆ. ಮೊನ್ನೆ ಫೋನ್ ಮಾಡಿ, ಇಂಟರ್ನ್‌ಶಿಪ್‌ಗೆ ರೆಸ್ಯೂಮೆ ಹೇಗೆ ಬರೆಯೋದು ಅಂತ ಕೇಳಿದಳು.