ಮನೆ ಅವರ ಹೆಸರಲ್ಲಿ, ಕಂತು ನನ್ನ ಸಂಬಳದಲ್ಲಿ

ಪ್ರಶ್ನೆ: ನಮ್ಮದು ಹಿಂದೂ ಸಂಪ್ರದಾಯದ ಮದುವೆ, 11 ವರ್ಷವಾಯಿತು. ಇಬ್ಬರೂ ದುಡಿಯುತ್ತೇವೆ. ಫ್ಲಾಟ್ ಗಂಡನ ಹೆಸರಲ್ಲಿದೆ. ಸಾಲದ ಕಂತಿನಲ್ಲಿ ಅರ್ಧ ಏಳು ವರ್ಷದಿಂದ ನನ್ನ ಸಂಬಳದಿಂದಲೇ ಹೋಗುತ್ತಿದೆ. ಈಗ ಅವರು ವಿಚ್ಛೇದನಕ್ಕೆ ಅರ್ಜಿ ಹಾಕಿ, ‘ಮನೆ ನನ್ನದು, ನೀನು ಹೊರಡು’ ಅನ್ನುತ್ತಿದ್ದಾರೆ. ಆಸ್ತಿಯಲ್ಲಿ ಅರ್ಧ ಹೆಂಡತಿಗೆ ಬಂದೇ ಬರುತ್ತೆ ಅಂತ ಗೆಳತಿಯರು ಹೇಳುತ್ತಾರೆ. ನಿಜವೇ? ನನಗೆ ಕೆಲಸ ಇರುವುದರಿಂದ ಜೀವನಾಂಶ ಸಿಗಲ್ಲವಂತೆ. ಎಂಟು ವರ್ಷದ ಮಗಳಿದ್ದಾಳೆ. ಅವಳು ಯಾರ ಹತ್ತಿರ ಇರುತ್ತಾಳೆ?

ಉತ್ತರ: ‘ಅರ್ಧ ಪಾಲು’ ಅನ್ನುವ ಮಾತು ಸಿನಿಮಾ, ಧಾರಾವಾಹಿ ನೋಡಿ ಬಂದದ್ದಿರಬೇಕು. ನಿಮಗೆ ಅನ್ವಯಿಸುವ ಕಾನೂನಿನಲ್ಲಿ ಹಾಗೇನೂ ಇಲ್ಲ. ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಂಹಿತೆ ಇನ್ನೂ ನಡೆಯುತ್ತಿರುವುದರಿಂದ ಅಲ್ಲಿಯ ಲೆಕ್ಕ ಬೇರೆ. 1955ರ ಹಿಂದೂ ವಿವಾಹ ಕಾಯ್ದೆಯ 27ನೇ ಸೆಕ್ಷನ್ ಆಸ್ತಿಯ ಬಗ್ಗೆ ಹೇಳುತ್ತದೆ, ನಿಜ. ಆದರೆ ಅದು ಮದುವೆ ಹೊತ್ತಿನಲ್ಲಿ ಇಬ್ಬರಿಗೂ ಸೇರಿ ಬಂದ ವಸ್ತುಗಳ ಮಾತು.

ಹಾಗಂತ ಕೈಚೆಲ್ಲಬೇಡಿ. ಕ್ರಯಪತ್ರದಲ್ಲಿ ಹೆಸರಿಲ್ಲದಿದ್ದರೂ ನಿಮ್ಮ ದುಡ್ಡು ಆ ಮನೆಗೆ ಹೋಗಿದೆ ಎಂದು ತೋರಿಸಿ ಹಕ್ಕು ಕೇಳಬಹುದು. ‘ಹೆಸರು ನನ್ನದು, ನೀನು ಕೇಳಿದರೆ ಬೇನಾಮಿ ಆಗುತ್ತೆ’ ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ. ಲೆಕ್ಕ ಇರುವ ಸ್ವಂತ ದುಡಿಮೆಯ ಹಣದಲ್ಲಿ ಗಂಡ ಅಥವಾ ಹೆಂಡತಿಯ ಹೆಸರಲ್ಲಿ ಕೊಂಡ ಆಸ್ತಿಯನ್ನು ಬೇನಾಮಿ ಕಾಯ್ದೆಯೇ ಹೊರಗಿಟ್ಟಿದೆ. ದಾವೆಯನ್ನು ಕೌಟುಂಬಿಕ ನ್ಯಾಯಾಲಯದಲ್ಲೇ ಹಾಕಬಹುದು. ತೀರ್ಮಾನ ಆಗುವವರೆಗೆ ಮನೆ ಮಾರದಂತೆ ತಡೆಯಾಜ್ಞೆಯನ್ನೂ ಕೇಳಿ.

ಇಲ್ಲಿ ಗೆಲ್ಲಿಸುವುದು ಕಾಗದ. ಕಂತು ನಿಮ್ಮ ಖಾತೆಯಿಂದ ನೇರ ಬ್ಯಾಂಕಿಗೆ ಹೋಗಿದ್ದರೆ ಕೆಲಸ ಅರ್ಧ ಮುಗಿಯಿತು. ಬಹಳ ಮನೆಗಳಲ್ಲಿ ಹಾಗಿರಲ್ಲ. ಹೆಂಡತಿ ಪ್ರತಿ ತಿಂಗಳು ಗಂಡನ ಖಾತೆಗೆ ಹಾಕುತ್ತಾಳೆ, ಅಲ್ಲಿಂದ ಕಂತು ಕಟ್ ಆಗುತ್ತೆ. ಆಗ ಎದುರು ವಕೀಲರು ಕೇಳುವ ಮೊದಲ ಪ್ರಶ್ನೆ: ‘ಇದು ಮನೆಖರ್ಚಿಗೆ ಕೊಟ್ಟಿದ್ದಲ್ವಾ?’ ಅದಕ್ಕೇ ಏಳೂ ವರ್ಷದ ಸ್ಟೇಟ್‌ಮೆಂಟ್ ಬ್ಯಾಂಕಿನಿಂದಲೇ ತೆಗೆಸಿ. ‘ಇಎಂಐಗೆ ಹಾಕಿದೀನಿ ನೋಡ್ರಿ’ ಎಂದು ನೀವು ಎಂದೋ ಕಳಿಸಿದ ಒಂದು ವಾಟ್ಸಾಪ್ ಸಂದೇಶ ಆವತ್ತು ಉಪಕಾರಕ್ಕೆ ಬರುತ್ತೆ. ಹಳೇ ಫೋನ್ ಮಾರಿಬಿಡಬೇಡಿ.

‘ಹೊರಡು’ ಅಂದ ಮಾತ್ರಕ್ಕೆ ಹೊರಡಬೇಕಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಪ್ರಕಾರ ಇಬ್ಬರೂ ಒಟ್ಟಿಗೆ ಬಾಳಿದ ಮನೆಯಲ್ಲಿ ಹೆಂಡತಿಗೆ ಇರುವ ಹಕ್ಕಿದೆ, ಮನೆ ಯಾರ ಹೆಸರಲ್ಲೇ ಇರಲಿ. ಕಾನೂನಿನ ದಾರಿ ಬಿಟ್ಟು ಹೊರಹಾಕುವಂತಿಲ್ಲ. ಆದರೆ ಇದು ವಾಸಿಸುವ ಹಕ್ಕು, ಮಾಲೀಕತ್ವ ಅಲ್ಲ. ಹೊಡೆತ ಬಡಿತ ಇದ್ದರೆ ಮಾತ್ರ ಹಕ್ಕಿನ ಲೆಕ್ಕ ಹಾಕುತ್ತಾ ಕೂರಬೇಡಿ. ಮಗಳನ್ನು ಕರೆದುಕೊಂಡು ಮೊದಲು ಹೊರಗೆ ಬನ್ನಿ, ಅರ್ಜಿ ಆಮೇಲೆ ಹಾಕಿದರಾಯಿತು.

ನಿಮ್ಮ ಒಡವೆ, ತವರಿನವರು ಕೊಟ್ಟದ್ದು, ಮದುವೆಯಲ್ಲಿ ನಿಮಗೆಂದೇ ಬಂದದ್ದು ಸ್ತ್ರೀಧನ. ಅದು ಪೂರ್ತಿ ನಿಮ್ಮದು. ಮದುವೆ ಫೋಟೋ, ಚಿನ್ನದ ಬಿಲ್ಲು ಹುಡುಕಿಟ್ಟುಕೊಳ್ಳಿ.

ಇನ್ನು ಜೀವನಾಂಶ. ಸಂಬಳ ಇದೆ ಎಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ. ಮದುವೆಯಲ್ಲಿ ಇದ್ದಾಗಿನ ಜೀವನಮಟ್ಟಕ್ಕೆ ನಿಮ್ಮ ಸಂಬಳ ಸಾಲುತ್ತದೆಯೇ ಎಂದು ಕೋರ್ಟ್ ನೋಡುತ್ತದೆ. ಇಬ್ಬರ ಸಂಬಳವೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ನಿಮಗೆಂದು ಜಾಸ್ತಿ ನಿರೀಕ್ಷಿಸಬೇಡಿ. ಮಗಳ ಖರ್ಚು ಬೇರೆ ವಿಷಯ, ಅದರಲ್ಲಿ ತಂದೆ ತನ್ನ ಪಾಲು ಕೊಡಲೇಬೇಕು. ಸುಪ್ರೀಂ ಕೋರ್ಟಿನ 2020ರ ನವೆಂಬರ್ ತೀರ್ಪಿನ ನಂತರ ಇಬ್ಬರೂ ಆದಾಯ, ಆಸ್ತಿ, ಸಾಲಗಳ ಅಫಿಡವಿಟ್ ಹಾಕಲೇಬೇಕು. ಆದೇಶ ತಡವಾದರೂ ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ‘ನೋಡೋಣ, ನೋಡೋಣ’ ಎಂದು ಸುಮ್ನೆ ಕೂತಷ್ಟೂ ನಷ್ಟ ನಿಮಗೇ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ತಲುಪಿದ 60 ದಿನದಲ್ಲಿ ಆದಷ್ಟೂ ಮುಗಿಸಬೇಕು ಎಂದು ಕಾನೂನು ಹೇಳುತ್ತೆ. ವಾಯಿದೆಗೆ ಅಲೆದವರಿಗೆ ಆ ‘ಆದಷ್ಟೂ’ ಎಂಥದ್ದು ಅಂತ ಗೊತ್ತು.

ಮಗಳ ವಿಷಯದಲ್ಲಿ ಅಪ್ಪನ ಹಕ್ಕು, ಅಮ್ಮನ ಹಕ್ಕು ಎಂಬ ತಕ್ಕಡಿ ನಡೆಯುವುದಿಲ್ಲ. ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಎಂದು ಕಾನೂನಿದೆ. ನಿಮ್ಮ ಮಗಳು ಆ ವಯಸ್ಸು ದಾಟಿದ್ದಾಳೆ. ನ್ಯಾಯಾಧೀಶರು ಅವಳನ್ನು ಚೇಂಬರಿಗೆ ಕರೆಸಿ ಮಾತಾಡಿಸಬಹುದು. ‘ಯಾರು ಬೇಕು?’ ಎಂದು ನೇರ ಕೇಳುವುದಕ್ಕಿಂತ ಬೆಳಿಗ್ಗೆ ಜಡೆ ಯಾರು ಹಾಕ್ತಾರೆ, ಹೋಂವರ್ಕ್ ಯಾರ ಜೊತೆ, ಜ್ವರ ಬಂದಾಗ ಪಕ್ಕ ಯಾರು ಮಲಗ್ತಾರೆ ಎಂದು ಮಾತಿಗೆಳೆಯುವುದೇ ಹೆಚ್ಚು. ಉತ್ತರ ಉರುಹೊಡೆಸಿ ಕಳಿಸಬೇಡಿ. ಎಂಟು ವರ್ಷದ ಮಗು ‘ಅಪ್ಪ ಮಾನಸಿಕ ಕಿರುಕುಳ ಕೊಡ್ತಾರೆ’ ಅಂದರೆ ಆ ಮಾತು ಯಾರದೆಂದು ಕೇಳಿದವರಿಗೆ ತಕ್ಷಣ ತಿಳಿಯುತ್ತದೆ. ಮಗಳು ನಿಮ್ಮ ಹತ್ತಿರ ಉಳಿದರೂ ವಾರಾಂತ್ಯ, ರಜೆ, ವಿಡಿಯೋ ಕಾಲ್ ತಂದೆಗೆ ಸಿಗುವ ಸಾಧ್ಯತೆಯೇ ಹೆಚ್ಚು. ಈ ಆದೇಶವನ್ನು ಪರಿಸ್ಥಿತಿ ಬದಲಾದಂತೆ ಬದಲಿಸಿಕೊಳ್ಳಬಹುದು.

ಪ್ರಶ್ನೆ: ಹೆಂಡತಿ ಜೀವನಾಂಶಕ್ಕೆ ಕೇಸ್ ಹಾಕಿದ್ದಾಳೆ. ನಾನು ಕೆಲಸಕ್ಕೆ ರಾಜೀನಾಮೆ ಕೊಟ್ಟರೆ ಕೊಡುವುದು ತಪ್ಪುತ್ತದೆಯೇ?

ಉತ್ತರ: ತಪ್ಪುವುದಿಲ್ಲ ಸ್ವಾಮಿ, ಇರುವ ಕೆಲಸವೂ ಹೋಗುತ್ತದೆ ಅಷ್ಟೆ. ಮೈಯಲ್ಲಿ ಶಕ್ತಿ ಇರುವವನು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲೂ ಹೇಳಿದೆ. ಕೇಸ್ ಬಿದ್ದ ಮೇಲೆ ಕೊಟ್ಟ ರಾಜೀನಾಮೆಯ ತಾರೀಕನ್ನು ಎಲ್ಲರೂ ಅನುಮಾನದಿಂದಲೇ ನೋಡುತ್ತಾರೆ. ನಿಜವಾದ ಸಾಲ, ವಯಸ್ಸಾದ ತಂದೆ ತಾಯಿಯ ಔಷಧಿ ಖರ್ಚು ಇದ್ದರೆ ಅದನ್ನು ಅಫಿಡವಿಟ್‌ನಲ್ಲಿ ಬಿಲ್ಲು ಸಮೇತ ತೋರಿಸಿ, ಮೊತ್ತ ಕಡಿಮೆಯಾಗಬಹುದು. ಹೆಂಡತಿಗೆ ನಿಮಗಿಂತ ಜಾಸ್ತಿ ಆದಾಯವಿದ್ದು ನಿಮಗೆ ಏನೂ ಇಲ್ಲದಿದ್ದರೆ, ಹಿಂದೂ ವಿವಾಹ ಕಾಯ್ದೆಯಡಿ ಗಂಡನೂ ಜೀವನಾಂಶ ಕೇಳಬಹುದು. ಆದರೆ ಬೇಕೆಂದೇ ಕೆಲಸ ಬಿಟ್ಟವನಿಗೆ ಆ ಬಾಗಿಲು ತೆರೆಯುವುದು ಕಷ್ಟ.

ಇಬ್ಬರಿಗೂ ಬೇರೆಯಾಗುವ ಮನಸ್ಸಿದ್ದು, ಒಂದು ವರ್ಷದಿಂದ ಬೇರೆಯೇ ಇದ್ದರೆ ಪರಸ್ಪರ ಒಪ್ಪಿಗೆಯ ಅರ್ಜಿ ಹಾಕಿ. ಅರ್ಜಿ ಹಾಕಿದ ಮೇಲಿನ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಕಾರಣವಿದ್ದರೆ ಕೋರ್ಟ್ ಮನ್ನಾ ಮಾಡಬಹುದು, 2017ರಿಂದ ಆ ದಾರಿ ಇದೆ. ಆದರೆ ತೀರ್ಪು ಬರುವವರೆಗೂ ಇಬ್ಬರ ಒಪ್ಪಿಗೆ ಉಳಿದಿರಬೇಕು. ಮೊತ್ತ ಎಷ್ಟು, ಯಾವ ದಿನ, ಯಾವ ಖಾತೆಗೆ ಎಂಬುದನ್ನೆಲ್ಲ ಮೊದಲೇ ಬರೆದು ಇಬ್ಬರೂ ಸಹಿ ಹಾಕಿಬಿಡಿ.