ಪವರ್ ಸ್ಟೀರಿಂಗ್ ಪಂಪನ್ನು ಮನೆಯಲ್ಲೇ ಬದಲಿಸಬಹುದಾ?

ಬೇರೆಯವರ ಟೂಲ್ಸ್ ತಂದು ಹಳೇ ಕಾರಿನ ಸ್ಟೀರಿಂಗ್ ಪಂಪ್ ಬದಲಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಬದಲಿಸಬಹುದು. ಮೊದಲು ಪಂಪ್ ಇದೆಯಾ ನೋಡಿಕೊಳ್ಳಿ. ಈಗಿನ ಸಣ್ಣ ಕಾರುಗಳಲ್ಲಿ ಜಾಸ್ತಿ ಎಲೆಕ್ಟ್ರಿಕ್ ಸ್ಟೀರಿಂಗ್, ಅದಕ್ಕೆ ಆಯಿಲ್ ಡಬ್ಬಿಯೇ ಇರುವುದಿಲ್ಲ.

ಸಾಕೆಟ್ ಸೆಟ್, ಜಾಕ್ ಎಲ್ಲಾದರೂ ಸಿಗುತ್ತವೆ. ಪುಲ್ಲಿಯನ್ನು (ಬೆಲ್ಟ್ ಸುತ್ತುವ ಚಕ್ರ) ಪಂಪಿನ ಶಾಫ್ಟ್‌ಗೆ ಒತ್ತಿ ಕೂರಿಸಿದ್ದರೆ ಮಾತ್ರ ಅದನ್ನು ಎಳೆದು ತೆಗೆಯುವ ಪುಲ್ಲರ್ ಬೇಕೇ ಬೇಕು. ಪರಿಚಯದ ಮೆಕ್ಯಾನಿಕ್ ಹತ್ತಿರ ಅರ್ಧ ದಿನಕ್ಕೆ ಕೇಳಿ. ಪುಲ್ಲಿ ಕೂರಿಸಲು ದಯವಿಟ್ಟು ಸುತ್ತಿಗೆ ಹಿಡಿಯಬೇಡಿ, ಹೊಸ ಪಂಪಿನ ಬೇರಿಂಗ್ ಹಾಳಾಗುತ್ತದೆ. ಬೆಲ್ಟ್ ಬಿಚ್ಚುವ ಮುಂಚೆ ಫೋಟೋ ತೆಗೆದುಕೊಳ್ಳಿ. ಪ್ರೆಶರ್ ಪೈಪಿಗೆ ಹೊಸ ವಾಷರ್ ಅಥವಾ ಓ-ರಿಂಗ್ (ರಬ್ಬರ್ ಉಂಗುರ) ಹಾಕಿ.

ಎಡವುವುದು ಆಯಿಲ್ ಪೈಪುಗಳಲ್ಲಿ ಸೇರಿಕೊಂಡ ಗಾಳಿ ತೆಗೆಯುವಾಗ. ಮುಂದಿನ ಚಕ್ರಗಳನ್ನು ಎತ್ತಿ, ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಬೇಡಿ. ಮ್ಯಾನ್ಯುಯಲ್‌ನಲ್ಲಿ ಹೇಳಿರುವ ಆಯಿಲನ್ನೇ ತುಂಬಿ. ಕೀ ತಿರುಗಿಸಿ ಸ್ಟೀರಿಂಗ್ ಲಾಕ್ ಬಿಡಿಸಿ, ಆದರೆ ಇಂಜಿನ್ ಸ್ಟಾರ್ಟ್ ಮಾಡಬೇಡಿ. ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ನಿಧಾನವಾಗಿ 15–20 ಸಲ ತಿರುಗಿಸಿ. ಡಬ್ಬಿಯಲ್ಲಿ ಗುಳುಗುಳು ಗುಳ್ಳೆ ಏಳುತ್ತವೆ, ಆಯಿಲ್ ಇಳಿಯುತ್ತದೆ. ಮತ್ತೆ ತುಂಬಿ. ಗುಳ್ಳೆ ನಿಂತ ಮೇಲೆ ಸ್ಟಾರ್ಟ್ ಮಾಡಿ. ಆಯಿಲ್ ನೊರೆಹಾಲಿನಂತೆ ಕಂಡರೆ ಇನ್ನೂ ಗಾಳಿ ಇದೆ. ಆಫ್ ಮಾಡಿ, ನೊರೆ ಇಳಿಯುವವರೆಗೆ ಕಾಯಿರಿ, ಮತ್ತೆ ತಿರುಗಿಸಿ.